ಮರದ ಲ್ಯೂರ್‌ಗೆ ಯಾವ ಕ್ಲಿಯರ್ ಕೋಟ್? ಡಬ್ಬಿ ನೋಡೋ ಮೊದ್ಲು ಮರ ನೋಡಿ

ಮರದಲ್ಲಿ ಲ್ಯೂರ್, ಅಂದ್ರೆ ಗಾಳಕ್ಕೆ ಕಟ್ಟೋ ನಕಲಿ ಮೀನು, ಕೆತ್ತೋಕೆ ಶುರು ಮಾಡಿದವ್ರೆಲ್ಲ ಕೇಳೋದು ಒಂದೇ ಪ್ರಶ್ನೆ, ಬಣ್ಣದ ಮೇಲೆ ಯಾವ ಕ್ಲಿಯರ್, ಅಂದ್ರೆ ಪಾರದರ್ಶಕ ಕೋಟ್, ಹಾಕಿದ್ರೆ ಜಾಸ್ತಿ ಬಾಳಿಕೆ ಬರತ್ತೆ ಅಂತ. ಒಬ್ಬ ಎಪಾಕ್ಸಿ ಅಂತಾನೆ, ಇನ್ನೊಬ್ಬ ಕಾರ್‌ಗೆ ಹೊಡಿಯೋ 2ಕೆ (ಎರಡು ಡಬ್ಬಿ ಕಲಸೋ) ಕ್ಲಿಯರ್ ಅಂತಾನೆ, ಮತ್ತೊಬ್ಬನಿಗೆ ಯುವಿ ರೆಸಿನ್ ಬಿಟ್ರೆ ಬೇರೆ ಮಾತೇ ಇಲ್ಲ, ಮೂರೂ ಜನ ಹೇಳೋದು ಅವರವರ ಲ್ಯೂರ್ ಮಟ್ಟಿಗೆ ನಿಜಾನೇ. ನನ್ನ ಲೆಕ್ಕ ಇಷ್ಟೇ: ಡಬ್ಬಿ ಮೇಲಿನ ಹೆಸ್ರು ನೋಡಿ ಕ್ಲಿಯರ್ ಆರಿಸ್ಬೇಡಿ, ಒಳಗಿರೋ ಮರ ಎಷ್ಟು ಮೆತ್ತಗಿದೆ, ಲ್ಯೂರ್ ಎಲ್ಲಿ ಏಟು ತಿನ್ನತ್ತೆ, ನೀವು ಒಣಗಿಸೋ ಜಾಗದ ಹವಾ ಹೇಗಿದೆ, ಈ ಮೂರನ್ನ ನೋಡಿ ಆರಿಸಿ. ಇದು ಗೊತ್ತಾದ್ರೆ ಬ್ರ್ಯಾಂಡ್ ಪ್ರಶ್ನೆ ಅರ್ಧ ತಾನಾಗೇ ಮುಗಿಯತ್ತೆ.

ಲ್ಯೂರ್ ಹಾಳಾಗೋದು ಎಲ್ಲಿಂದ

ಮೀನಿನ ಹಲ್ಲಿಗೆ ಕೋಟ್ ಕಿತ್ತೋಗತ್ತೆ ಅಂತ ಎಲ್ರೂ ಅನ್ಕೊಳ್ತಾರೆ, ಹೋಗತ್ತೆ, ಇಲ್ಲ ಅಂತಲ್ಲ, ಆದ್ರೆ ಹಲ್ಲಿಗಿಂತ ಜಾಸ್ತಿ ಹಾಳು ಮಾಡೋದು ನೀರು. ಸ್ಕ್ರೂ ಐ (ತುದೀಲಿ ಉಂಗುರ ಇರೋ ಸ್ಕ್ರೂ) ತಿರುಗಿಸಿರೋ ತೂತು, ಲಿಪ್ (ಮೂತಿ ಕೆಳಗಿನ ಪುಟ್ಟ ಪಟ್ಟಿ) ಕೂರಿಸೋಕೆ ಹಾಕಿರೋ ಸೀಳು, ಹೊಟ್ಟೇಲಿ ಸೀಸ ಇಟ್ಟು ಮುಚ್ಚಿರೋ ಗುಳಿ, ನೀರು ಒಳಗೆ ನುಗ್ಗೋದು ಈ ಮೂರು ಕಡೆಯಿಂದ. ಒಳಗೆ ಹೋದ ನೀರು ಕುಡಿದು ಮರ ಉಬ್ಬತ್ತೆ, ಮೇಲಿನ ಕೋಟ್ ಉಬ್ಬಲ್ಲ, ಹಾಗಾಗಿ ಉದ್ದಕ್ಕೆ ಬಿರುಕು ಬಿಡತ್ತೆ, ಆ ಬಿರುಕಿಂದ ಇನ್ನಷ್ಟು ನೀರು. ಜನ ಆಗ ಕ್ಲಿಯರ್ ಸರಿ ಇಲ್ಲ ಅಂತ ಬೈತಾರೆ, ಪಾಪ ಕ್ಲಿಯರ್ ಏನೂ ಮಾಡಿರಲ್ಲ.

ಇನ್ನೊಂದು, ನಿಮ್ಮದೇ ಹುಕ್ಕು. ಹೊಟ್ಟೆ ಕೆಳಗಿನ ಮೂರು ಕೊಕ್ಕೆಯ ಟ್ರೆಬಲ್ ಹುಕ್ ಲ್ಯೂರ್ ಅಲ್ಲಾಡಿದಾಗೆಲ್ಲ ಮೈಗೆ ಉಜ್ಜಿ ಉಜ್ಜಿ ಎರಡೂ ಪಕ್ಕ ಬಾಗಿದ ಗೆರೆ ಕೊರೀತಾ ಹೋಗತ್ತೆ. ಹಳೇ ಲ್ಯೂರ್ ಒಂದನ್ನ ಎತ್ಕೊಂಡು ಬೆಳಕಿಗೆ ಹಿಡಿದು ನೋಡಿ, ಮೀನಿನ ಹಲ್ಲಿನ ಗುರುತು ಎಲ್ಲೆಲ್ಲೋ ಚುಕ್ಕಿ ಚುಕ್ಕಿ ಇರತ್ತೆ, ಹುಕ್ಕಿನ ಗೆರೆ ಮಾತ್ರ ಒಂದೇ ಜಾಗದಲ್ಲಿ ಆಳಕ್ಕೆ ಇಳಿದಿರತ್ತೆ, ಕೆಲವು ಸಲ ಕ್ಲಿಯರ್, ಬಣ್ಣ, ಮರಕ್ಕೆ ಕುಡಿಸಿದ ಸೀಲರ್ ಮೂರೂ ದಾಟಿ ಮರ ಕಾಣ್ತಿರತ್ತೆ. ಅಂದ್ರೆ ಕೋಟ್ ಎಲ್ಲಾ ಕಡೆ ಒಂದೇ ದಪ್ಪ ಇರ್ಬೇಕು ಅಂತೇನಿಲ್ಲ, ಹುಕ್ ತಿರುಗೋ ಜಾಗಕ್ಕೆ ಮಾತ್ರ ಇನ್ನೊಂದು ಕೈ ಜಾಸ್ತಿ ಹಾಕೋದು ತುಂಬಾ ಒಳ್ಳೇ ಅಭ್ಯಾಸ.

ಮೂರನೇದು ಕಲ್ಲು. ಅಳಿವೆಲಿ ಸೇತುವೆ ಕಂಬದ ಹತ್ರ ಎಸೆದ್ರೆ ಕಂಬಕ್ಕೆ ಅಂಟಿರೋ ಚಿಪ್ಪು, ಹೊಳೇಲಿ ಬಂಡೆ, ಒಂದು ಸಲ ಟಪ್ ಅಂತ ಬಡಿದ್ರೆ ಸಾಕು. ಕೆರೇಲಿ ಕೊರವ ಮೀನಿಗೆ, ಮುರೆಲ್ ಅಂತೀವಲ್ಲ ಅದಕ್ಕೆ, ಹುಲ್ಲು ತಾವರೆ ಎಲೆ ಮಧ್ಯೆ ಎಸೆಯೋ ಕಪ್ಪೆಯಾಕಾರದ ಲ್ಯೂರ್, ಜಂಪ್ ಫ್ರಾಗ್, ಮಾಡೋರಿಗೆ ಈ ತಲೆನೋವು ಕಮ್ಮಿ, ಅಲ್ಲಿ ಹಲ್ಲು ಮತ್ತು ಹುಕ್ ಗೆರೆ ನೋಡ್ಕೊಂಡ್ರೆ ಆಯ್ತು.

ಮರ ಮತ್ತು ಕೋಟ್ ಜೋಡಿ

ಬಾಲ್ಸಾ ತುಂಬಾ ಹಗುರ, ತುಂಬಾ ಮೆತ್ತಗೆ, ಉಗುರಲ್ಲಿ ಒತ್ತಿದ್ರೆ ಗುಳಿ ಬೀಳತ್ತೆ. ಅದರ ಮೇಲೆ ತೆಳ್ಳಗಿರೋ ಗಟ್ಟಿ ಕೋಟ್ ಹಾಕಿದ್ರೆ ಮೊಟ್ಟೆ ಸಿಪ್ಪೆ ಕಥೆನೇ, ಸಿಪ್ಪೆ ಎಷ್ಟು ಗಟ್ಟಿ ಇದ್ರೂ ಒಳಗೆ ಆಸರೆ ಇಲ್ಲ, ಏಟು ಬಿದ್ದ ಜಾಗ ಒಳಕ್ಕೆ ಕುಸಿದು ಒಡೆಯತ್ತೆ. ಹಾಗಾಗಿ ಬಾಲ್ಸಾಗೆ ದಪ್ಪ ಎಪಾಕ್ಸಿ, ಸಾಧ್ಯ ಆದ್ರೆ ಎರಡು ಕೈ. ಪ್ಯಾಕಿಂಗ್ ಕೇಸ್ ಪೈನ್, ಸಿಲ್ವರ್ ಓಕ್ ಥರದ ಸ್ವಲ್ಪ ಗಟ್ಟಿ ಮರಕ್ಕೆ ತೆಳ್ಳಗಿನ ಪಿಯು, ಅಂದ್ರೆ ಪಾಲಿಯುರೆಥೇನ್ ಕ್ಲಿಯರ್, ಸಾಕು, ಏಟನ್ನ ಮರಾನೇ ತಡ್ಕೊಳ್ಳತ್ತೆ. ಚನ್ನಪಟ್ಟಣದ ಗೊಂಬೆಗೆ ಬಳಸೋ ಹಾಲೆ ಮರ ಸಿಕ್ಕಿದ್ರೆ ಬಿಡ್ಬೇಡಿ, ಎಳೆ ಸಣ್ಣದು, ಚಾಕು ಹೇಳಿದ ಹಾಗೆ ಕೇಳತ್ತೆ, ಮೇಲ್ಮೈ ನುಣ್ಣಗೆ ಬರೋದ್ರಿಂದ ಕ್ಲಿಯರ್ ಕಮ್ಮಿ ಹಿಡಿಯತ್ತೆ. ತೇಗ ಮಾತ್ರ ಬೇಡ ಅಂತೀನಿ, ಅದರಲ್ಲಿ ಎಣ್ಣೆ ಅಂಶ ಇದೆ, ಕೋಟ್ ಸರಿಯಾಗಿ ಕಚ್ಕೊಳ್ಳಲ್ಲ, ಜೊತೆಗೆ ಭಾರ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. 9 ಸೆಂ.ಮೀ. ಉದ್ದದ ಮಿನ್ನೋ (ಸಣ್ಣ ಮೀನಿನ ಆಕಾರದ ಲ್ಯೂರ್) ಅಂದ್ರೆ ಮೈ ವಿಸ್ತೀರ್ಣ ಸುಮಾರು 35 ಚದರ ಸೆಂ.ಮೀ. ಅಂತಿಟ್ಕೊಳ್ಳಿ, ಅದಕ್ಕೆ 0.3 ಮಿ.ಮೀ. ದಪ್ಪ ಎಪಾಕ್ಸಿ ಹಾಕಿದ್ರೆ ಹೆಚ್ಚು ಕಮ್ಮಿ 1 ಸಿಸಿ, ಎಪಾಕ್ಸಿ ನೀರಿಗಿಂತ ಸ್ವಲ್ಪ ಭಾರ, ಹಾಗಾಗಿ 1.1 ಗ್ರಾಂ ಆಸುಪಾಸು. 12 ಗ್ರಾಂ ಲ್ಯೂರ್‌ಗೆ ಒಂದು ಗ್ರಾಂ ಅಂದ್ರೆ ಸಣ್ಣ ವಿಷಯ ಅಲ್ಲ, ಅಲ್ಲಾಟ ಮಂದ ಆಗತ್ತೆ. ಅದಕ್ಕೇ ಬಣ್ಣ ಹೊಡಿಯೋ ಮೊದ್ಲೇ ಹುಕ್ಕು, ಸ್ಪ್ಲಿಟ್ ರಿಂಗ್ ಎಲ್ಲಾ ಹಾಕಿ, ಬಕೆಟ್‌ನಲ್ಲಿ ಬಿಟ್ಟು ನೋಡ್ಕೊಂಡ್ಬಿಡಿ. ಸಮುದ್ರದ ನೀರಲ್ಲಿ ಬಳಸೋದಾದ್ರೆ ಸ್ವಲ್ಪ ಮೇಲೇ ತೇಲತ್ತೆ, ಉಪ್ಪು ನೀರು ಸಿಹಿ ನೀರಿಗಿಂತ ಭಾರ ಅಲ್ವಾ.

ಎಪಾಕ್ಸಿ

ಹೊಸಬರಿಗೆ ನಾನು ಹೇಳೋದು ಇದನ್ನೇ. ಒಂದೇ ಕೈಗೆ ದಪ್ಪ ಬರತ್ತೆ, ಹೊಳಪಿಗೆ ಅಂಟಿಸೋ ಫಾಯಿಲ್ ಮೇಲೂ ಕಚ್ಕೊಳ್ಳತ್ತೆ, ವಾಸನೆ ಕಮ್ಮಿ, ಸಾಮಾನ್ಯವಾಗಿ ಕೆಳಗಿನ ಬಣ್ಣ ಎಬ್ಬಿಸಲ್ಲ. ಯಾವ ಎಪಾಕ್ಸಿ ಅನ್ನೋದು ಮುಖ್ಯ. ಹಾರ್ಡ್‌ವೇರ್ ಅಂಗಡೀಲಿ ಸಿಗೋ ಅರಾಲ್ಡೈಟ್ ಸ್ಟ್ಯಾಂಡರ್ಡ್ ಅಂಟು, ಕೋಟ್ ಅಲ್ಲ, ಮಂದ ಇದೆ, ಬಣ್ಣಾನೂ ಹಳದಿ, ಅದನ್ನ ಸ್ಕ್ರೂ ಐ ತೂತಿಗೆ ಲಿಪ್ ಸೀಳಿಗೆ ಇಟ್ಕೊಳ್ಳಿ, ಆ ಕೆಲ್ಸಕ್ಕೆ ಅದರಷ್ಟು ಒಳ್ಳೇದಿಲ್ಲ. 5 ನಿಮಿಷದಲ್ಲಿ ಗಟ್ಟಿಯಾಗೋ ಅರಾಲ್ಡೈಟ್ ಕ್ಲಿಯರ್ ಥರದ್ದು ಕೋಟ್‌ಗೆ ಬೇಡವೇ ಬೇಡ, ಬ್ರಷ್ ಬಾಲದ ಹತ್ರ ಹೋಗೋಷ್ಟ್ರಲ್ಲಿ ತಲೆ ಹತ್ರ ಎಳೆ ಎಳೆ ಆಗಿರತ್ತೆ. ಬೇಕಾಗಿರೋದು ಮೀನು ಹಿಡಿಯೋ ರಾಡ್ ಕಟ್ಟೋರು ಗೈಡ್ ಉಂಗುರ ಬಿಗಿದ ದಾರದ ಮೇಲೆ ಹಾಕೋ ರಾಡ್ ಫಿನಿಶ್, ಇಲ್ಲಾ ರೆಸಿನ್ ಆರ್ಟ್ ಮಾಡೋರು ಬಳಸೋ ಕೋಟಿಂಗ್ ರೆಸಿನ್. ರೆಸಿನ್ ಆರ್ಟ್ ಅಂಗಡೀಲಿ ಕೇಳೋವಾಗ ಕೋಟಿಂಗ್ ಅಂತ ಬಿಡಿಸಿ ಹೇಳಿ, ಅಚ್ಚಿಗೆ ಸುರಿಯೋ ಕಾಸ್ಟಿಂಗ್ ರೆಸಿನ್ ಕೊಟ್ರೆ ಅದು ತುಂಬಾ ನೀರಾಗಿದ್ದು ನಿಧಾನಕ್ಕೆ ಗಟ್ಟಿಯಾಗತ್ತೆ, ಲ್ಯೂರ್ ಮೇಲೆ ನಿಲ್ಲಲ್ಲ, ಪೂರ್ತಿ ಕೆಳಗೆ ಸೋರತ್ತೆ.

ಅಳತೆ ವಿಷಯದಲ್ಲಿ ಕೈಯಂದಾಜು ನಡೆಯಲ್ಲ. ಹಾರ್ಡ್ನರ್, ಅಂದ್ರೆ ರೆಸಿನ್ ಗಟ್ಟಿ ಮಾಡೋ ಎರಡನೇ ಭಾಗ, ಜಾಸ್ತಿ ಹಾಕಿದ್ರೆ ಬೇಗ ಗಟ್ಟಿಯಾಗತ್ತೆ ಅನ್ನೋದು ಸುಳ್ಳು, ಮಿಕ್ಕಿದ ಹಾರ್ಡ್ನರ್ ಒಳಗೇ ಉಳಿದು ಕೋಟ್ ರಬ್ಬರ್ ಥರ ಆಗತ್ತೆ ಇಲ್ಲಾ ಅಂಟಂಟಾಗೇ ಇರತ್ತೆ. ಡಬ್ಬಿ ಮೇಲೆ 2:1 ಅಂತಿದ್ರೆ ಅದು ತೂಕಕ್ಕಾ ಗಾತ್ರಕ್ಕಾ ನೋಡಿ, ಎರಡೂ ಬೇರೆ ಬೇರೆ. ಒಂದು ಲ್ಯೂರ್‌ಗೆ ಎರಡು ಗ್ರಾಂ ಸಾಕು, ಆದ್ರೂ ಐದು ಗ್ರಾಂಗಿಂತ ಕಮ್ಮಿ ಕಲಸ್ಬೇಡಿ, ಅಷ್ಟು ಸಣ್ಣ ತೂಕದಲ್ಲಿ ಎರಡು ಹನಿ ಹೆಚ್ಚು ಕಮ್ಮಿ ಆದ್ರೂ ಅಳತೆ ಕೆಟ್ಟೋಗತ್ತೆ. ಆನ್‌ಲೈನಲ್ಲಿ ಸಿಗೋ 0.01 ಗ್ರಾಂ ತೋರಿಸೋ ಪುಟ್ಟ ತಕ್ಕಡಿ ಒಂದು ತಗೊಳ್ಳಿ, ಮುಂದೆ ಇನ್ನೊಂದು ಕೆಲ್ಸಕ್ಕೂ ಬೇಕಾಗತ್ತೆ, ಹೇಳ್ತೀನಿ.

ಎಪಾಕ್ಸಿಗೆ ಎರಡು ದೋಷ ಇದೆ. ಒಂದು, ಬಿಸಿಲಿಗೆ ಹಳದಿ ಆಗತ್ತೆ, ಯುವಿ ತಡೆಯೋ ಅಂಶ ಸೇರಿಸಿದೀವಿ ಅಂತ ಬರೆದಿದ್ರೂ ನಿಧಾನಕ್ಕೆ ಆಗೇ ಆಗತ್ತೆ. ಬಂಗುಡೆ ಬೆನ್ನಿನ ಹಸಿರು ನೀಲಿಗೆ ಅಷ್ಟು ಗೊತ್ತಾಗಲ್ಲ, ಬಿಳಿ ಹೊಟ್ಟೆ ಇರೋ ಲ್ಯೂರಲ್ಲಿ ಎದ್ದು ಕಾಣತ್ತೆ. ಮೀನಿಗೆ ಅದ್ರಿಂದ ಏನೂ ಬೇಜಾರಿಲ್ಲ, ಬೇಜಾರಾಗೋದು ನಮಗೆ. ಎರಡು, ತೇವದ ಹವಾ. ಗಾಳೀಲಿ ತೇವ ಜಾಸ್ತಿ ಇದ್ದಾಗ ಹಾರ್ಡ್ನರ್ ಆ ತೇವದ ಜೊತೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಜಿಡ್ಡು ಜಿಡ್ಡಾದ ಮಂಜು ಪದರ ಬಿಡತ್ತೆ. ಅದು ಉಗುರು ಬೆಚ್ಚಗಿನ ನೀರಿಗೆ ಹೋಗತ್ತೆ, ಸ್ಪಾಂಜಲ್ಲಿ ಒರೆಸಿ ಒಣಗಿಸಿ, ಆದ್ರೆ ಅದನ್ನ ತೊಳೆಯದೇ ಎರಡನೇ ಕೈ ಹಾಕಿದ್ರೆ ಎರಡೂ ಪದರ ಒಂದಕ್ಕೊಂದು ಅಂಟ್ಕೊಳ್ಳಲ್ಲ, ಒಂದಿನ ಹಾಳೆ ಥರ ಎದ್ದು ಬರತ್ತೆ.

ಕರಾವಳಿಯವ್ರಿಗೆ ಇದೇ ದೊಡ್ಡ ಸಮಸ್ಯೆ, ಯಾಕಂದ್ರೆ ಲ್ಯೂರ್ ಮಾಡೋಕೆ ಟೈಮ್ ಸಿಗೋದೇ ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ನಮ್ಮಂಥ ದಡದಲ್ಲಿ ನಿಂತು ಎಸೆಯೋರಿಗೂ ಕಡಲು ಕೆಂಪಾಗಿ ಕೆರಳಿರತ್ತೆ, ಮನೇಲಿ ಕೂತು ಕೆತ್ತೋದೇ ಕೆಲ್ಸ. ಕೆತ್ತಿ, ಉಪ್ಪು ಕಾಗದದಲ್ಲಿ ಉಜ್ಜಿ, ಸೀಸ ತೂಕ ನೋಡಿ ಇಟ್ಕೊಳ್ಳಿ, ಕ್ಲಿಯರ್ ಮಾತ್ರ ನವರಾತ್ರಿ ಕಳೆದ ಮೇಲೆ ಹಾಕಿ. ಮರ ಕೂಡ ಮಳೆಗಾಲದಲ್ಲಿ ತೇವ ಹೀರ್ಕೊಂಡಿರತ್ತೆ, ಆಗಲೇ ಸೀಲ್ ಮಾಡಿಬಿಟ್ರೆ ಆ ತೇವಾನ ನೀವೇ ಒಳಗೆ ಬೀಗ ಹಾಕಿಟ್ಟ ಹಾಗೆ. ತಡ್ಕೊಳ್ಳೋಕೆ ಆಗಲ್ಲ ಅನ್ನೋರು ಎಸಿ ರೂಮಲ್ಲಿ ಮಾಡಿ, ಎಸಿ ತೇವ ಎಳೆಯತ್ತೆ.

ಯುವಿ ರೆಸಿನ್

ಹಚ್ಚೋದು, ಲೈಟ್ ಹಿಡಿಯೋದು, ಮುಗೀತು. ಲ್ಯೂರ್ ತಿರುಗಿಸೋ ಮೋಟರ್ ಬೇಕಿಲ್ಲ, ರಾತ್ರಿಯೆಲ್ಲ ಕಾಯ್ಬೇಕಿಲ್ಲ, ಡಬ್ಬಿಲಿ ಉಳಿದಿದ್ದು ಹಾಗೇ ಇರತ್ತೆ. ಬೆಳಿಗ್ಗೆ ಹೊರಡೋ ಮುಂಚೆ ರಿಪೇರಿ ಮಾಡೋರಿಗೆ ಇದಕ್ಕಿಂತ ಒಳ್ಳೇದಿಲ್ಲ. ಉಗುರು ಬಣ್ಣದ ಪಾರ್ಲರ್‌ಗಳಲ್ಲಿ ಇರೋ ನೇಲ್ ಲ್ಯಾಂಪ್ ಸಾಕು, 365ರಿಂದ 405 ನ್ಯಾನೋಮೀಟರ್ ಒಳಗಿನ ಬೆಳಕು ಬೇಕು, ನಿಮ್ಮ ರೆಸಿನ್‌ಗೆ ಯಾವುದು ಅಂತ ಡಬ್ಬಿ ಮೇಲೆ ಬರೆದಿರತ್ತೆ. ನಮ್ಮೂರ ಮಧ್ಯಾಹ್ನದ ಬಿಸಿಲೂ ನಡೆಯತ್ತೆ, ಆದ್ರೆ ಹಚ್ಚೋ ಕೆಲ್ಸ ಕಿಟಕಿಯಿಂದ ದೂರ ಮಾಡಿ, ಇಲ್ಲಾಂದ್ರೆ ಬಟ್ಟಲಲ್ಲೇ ಗಟ್ಟಿಯಾಗೋಕೆ ಶುರು ಆಗತ್ತೆ.

ತೊಂದರೆ ಏನು ಅಂದ್ರೆ ಗಾಳಿ ತಾಗೋ ಮೇಲ್ಪದರ ಎಷ್ಟು ಲೈಟ್ ಹಿಡಿದ್ರೂ ಸ್ವಲ್ಪ ಅಂಟಾಗೇ ಉಳಿಯತ್ತೆ, ಆಮ್ಲಜನಕ ಅಲ್ಲಿ ಗಟ್ಟಿಯಾಗೋಕೆ ಬಿಡಲ್ಲ. ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಾಕಿದ ಬಟ್ಟೇಲಿ ಒರೆಸಿದ್ರೆ ಹೋಗತ್ತೆ, ಅಥವಾ ಅಂಟು ಉಳಿಯದೇ ಒಣಗೋ ಜಾತೀದು ಅಂತ ಕೇಳಿ ತಗೊಳ್ಳಿ. ಇನ್ನೊಂದು, ಲಿಪ್ ಹಿಂದೆ ನೆರಳಿರೋ ಮೂಲೆ. ಲ್ಯಾಂಪ್ ಒಳಗೆ ಇಟ್ಟು ತಿರುಗಿಸಿದ್ರೂ ಆ ಗದ್ದದ ಸಂದಿಗೆ ಬೆಳಕು ಹೋಗಲ್ಲ, ಅಲ್ಲಿ ಹಸಿ ಉಳಿದು ನೀರಿಗೆ ದಾರಿ ಆಗತ್ತೆ. ಪುಟ್ಟ ಯುವಿ ಟಾರ್ಚ್ ಒಂದು ಇಟ್ಕೊಂಡು ಆ ಸಂದಿಗೆ ಬೇರೆಯಾಗಿ ಹಿಡಿಯಿರಿ. ದಪ್ಪಗೆ ಒಂದೇ ಸಲ ಹಾಕ್ಬೇಡಿ, ತೆಳ್ಳಗೆ ಮೂರು ಸಲ ಹಾಕಿ. ಕ್ರಾಫ್ಟ್‌ಗೆ ಅಂತ ಬರೋ ಅಗ್ಗದ ಯುವಿ ರೆಸಿನ್ ಕೆಲವು ತುಂಬಾ ಪೆಡಸು, ಕಲ್ಲಿಗೆ ಬಡಿದ್ರೆ ಚಕ್ಕೆ ಏಳತ್ತೆ, ಲ್ಯೂರ್‌ಗೆ ಅಂತಲೇ ಮಾಡಿದ್ದು ಬೆಲೆ ಜಾಸ್ತಿ ಆದ್ರೂ ಸ್ವಲ್ಪ ಬಗ್ಗೋ ಗುಣ ಇರತ್ತೆ.

ಪಿಯು ಮತ್ತು ಕಾರ್ ಕ್ಲಿಯರ್

ಗಟ್ಟಿ ಮರದ ಲ್ಯೂರ್‌ಗೆ, ಬಿಸಿಲಲ್ಲಿ ಹಳದಿ ಆಗ್ಬಾರ್ದು ಅನ್ನೋರಿಗೆ, ತೂಕ ಏರಬಾರ್ದು ಅನ್ನೋರಿಗೆ ಇದು. ಊರಲ್ಲಿ ಬಾಗಿಲು ಸೋಫಾ ಪಾಲಿಶ್ ಮಾಡೋ ಕಾರ್ಪೆಂಟರ್‌ಗಳು ಹೊಡಿತಾರಲ್ಲ, ಏಷ್ಯನ್ ಪೇಂಟ್ಸ್ ವುಡ್‌ಟೆಕ್, ಎಂಆರ್‌ಎಫ್ ವೇಪೋಕ್ಯೂರ್, ಐಸಿಎ ಪಿಡಿಲೈಟ್, ಇವುಗಳಲ್ಲೆಲ್ಲ 2ಕೆ ಪಿಯು ಇದೆ, ಅಂದ್ರೆ ಕ್ಲಿಯರ್ ಒಂದು ಡಬ್ಬಿ, ಹಾರ್ಡ್ನರ್ ಒಂದು ಡಬ್ಬಿ. ಹೊರಗಡೆ ಬಳಕೆಗೆ ಇರೋದನ್ನೇ ಕೇಳಿ, ಒಳಗಡೆ ಫರ್ನಿಚರ್‌ದು ಬಿಸಿಲಿಗೆ ತಡೆಯಲ್ಲ. ಬೆಂಗಳೂರಿನವರಿಗೆ ಕಾರ್ ರಿಫಿನಿಶ್ ಕ್ಲಿಯರ್ ಬೇಕಂದ್ರೆ ಜೆಸಿ ರೋಡ್ ಕಡೆ ಹೋದ್ರೆ ಸಿಗತ್ತೆ.

ಅಂಗಡೀಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು, ಪಿಯು ಥಿನ್ನರ್ ಕೊಡಿ ಅಂತ. ಬರೀ ಥಿನ್ನರ್ ಅಂದ್ರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್‌ನ ಥಿನ್ನರ್ ಕೊಡ್ತಾರೆ, ಅದರಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಜಾತಿ ದ್ರಾವಕ ಇರತ್ತೆ, ಅದು ಹಾರ್ಡ್ನರ್ ಜೊತೆ ತಾನೇ ಸೇರ್ಕೊಂಡು ಅದನ್ನ ತಿಂದುಬಿಡತ್ತೆ, ಕೋಟ್ ಒಣಗಿದ ಹಾಗೆ ಕಂಡ್ರೂ ಯಾವತ್ತೂ ಪೂರ್ತಿ ಗಟ್ಟಿಯಾಗಲ್ಲ, ಉಗುರಿಗೆ ಗೀರು ಬೀಳ್ತಾನೇ ಇರತ್ತೆ.

ಈಗ ಎಚ್ಚರಿಕೆ, ಇದನ್ನ ಓದದೇ ಮುಂದೆ ಹೋಗ್ಬೇಡಿ. 2ಕೆ ಪಿಯು, ಕಾರ್ ಕ್ಲಿಯರ್, ಎರಡರ ಹಾರ್ಡ್ನರಲ್ಲೂ ಐಸೋಸೈನೇಟ್ ಇದೆ. ಸ್ಪ್ರೇ ಮಾಡಿದಾಗ ಅದು ಮಂಜಾಗಿ ಗಾಳೀಲಿ ನಿಲ್ಲತ್ತೆ, ಉಸಿರಲ್ಲಿ ಹೋದ್ರೆ ಅಸ್ತಮಾ ತರತ್ತೆ, ಒಂದು ಸಲ ದೇಹಕ್ಕೆ ಅಲರ್ಜಿ ಕೂತ್ರೆ ಆಮೇಲೆ ಸ್ವಲ್ಪ ತಾಗಿದ್ರೂ ಕಷ್ಟ. ಎನ್95 ಮಾಸ್ಕ್ ಧೂಳಿಗೆ, ಆವಿಗಲ್ಲ. ವರ್ಕ್‌ಶಾಪಲ್ಲಿ ಹೊರಗಿನ ಗಾಳಿ ಕೊಡೋ ಮಾಸ್ಕ್ ಹಾಕ್ಕೊಂಡು ಹೊಡಿಯೋ ಪೇಂಟರ್ ಗೊತ್ತಿದ್ರೆ ನಿಮ್ಮ ಲ್ಯೂರ್‌ಗಳನ್ನ ತಂತಿಗೆ ನೇತು ಹಾಕಿ ಕೊಟ್ಬಿಡಿ, ಕಾರ್‌ನ ಬಂಪರ್ ಜೊತೆ ಅದೂ ಆಗೋಗತ್ತೆ. ಮನೇಲಿ ಸ್ಪ್ರೇ ಬೇಡ, ಮಕ್ಕಳಿರೋ ಮನೇಲಂತೂ ಬೇಡ. ಬ್ರಷ್ ಇಲ್ಲಾ ಅದ್ದೋದಾದ್ರೆ ಅಪಾಯ ಕಮ್ಮಿ, ಆದ್ರೂ ತೆರೆದ ಜಾಗ, ನೈಟ್ರೈಲ್ ಗ್ಲೌಸ್, ಆವಿ ತಡೆಯೋ ಕಾರ್ಟ್ರಿಡ್ಜ್ ಮಾಸ್ಕ್ ಇರ್ಲಿ. ಎಪಾಕ್ಸಿಗೂ ಗ್ಲೌಸ್ ಬೇಕೇ ಬೇಕು, ಕೈಗೆ ತಾಗ್ತಾ ತಾಗ್ತಾ ಒಂದಿನ ಚರ್ಮ ತಿರುಗಿ ಬೀಳತ್ತೆ.

ಅಮೆರಿಕದ ಕೆಲವು ಲ್ಯೂರ್ ಮಾಡೋರು ಮೆಚ್ಚೋದು ಒಂದೇ ಡಬ್ಬಿಯ ಮಾಯಿಶ್ಚರ್ ಕ್ಯೂರ್ ಯುರೆಥೇನ್, ಗಾಳಿಯ ತೇವದಿಂದಲೇ ಗಟ್ಟಿಯಾಗೋದು. ಅದ್ದಿ ನೇತು ಹಾಕಿದ್ರೆ ತೆಳ್ಳಗೆ ಗಾಜಿನಂಥ ಕೋಟ್. ನಮ್ಮ ಕರಾವಳಿಗೆ ಹೇಳಿ ಮಾಡಿಸಿದ ಹಾಗಿದೆ ಅನ್ಸತ್ತೆ, ಆದ್ರೆ ಅದೇ ತೇವ ಡಬ್ಬಿ ಒಳಗೂ ಹೋಗತ್ತೆ, ಮುಚ್ಚಳ ಎರಡು ಸಲ ತೆಗೆದ್ರೆ ಮೂರನೇ ಸಲಕ್ಕೆ ಡಬ್ಬಿ ಪೂರ್ತಿ ಕಲ್ಲಾಗಿರ್ಬೋದು. ಮುಚ್ಚಳಕ್ಕೆ ಸಣ್ಣ ತೂತು ಮಾಡಿ ಸ್ಕ್ರೂ ಹಾಕಿಟ್ಟು, ಬೇಕಾದಷ್ಟೇ ಚಿಕ್ಕ ಬಾಟ್ಲಿಗೆ ಬಗ್ಗಿಸ್ಕೊಳ್ಳೋದು ಅವರ ಉಪಾಯ. ಇಲ್ಲಿ ಸಿಗೋದು ಕಷ್ಟ, ತರಿಸೋ ಖರ್ಚಿಗೆ 2ಕೆ ಪಿಯು ಮೂರು ಡಬ್ಬಿ ಬರತ್ತೆ.

ಇನ್ನುಳಿದವು

ಎನ್‌ಸಿ ಲ್ಯಾಕರ್, ಅಗ್ಗದ ಸ್ಪ್ರೇ ಕ್ಯಾನ್, ನೇಲ್ ಪಾಲಿಶ್, ಇವೆಲ್ಲ ಒಂದೆರಡು ಸಲಕ್ಕೆ ಸರಿ. ಆದ್ರೂ ಲ್ಯಾಕರ್ ಜಾತೀನ ಪೂರ್ತಿ ತಳ್ಳಿಹಾಕೋ ಹಾಗಿಲ್ಲ. ಫಿನ್‌ಲ್ಯಾಂಡಿನ ಲೌರಿ ರಾಪಾಲಾ 1936ರಲ್ಲಿ ಕಾರ್ಕ್ ಕೆತ್ತಿ ಮಾಡಿದ ಮೊದಲ ಲ್ಯೂರ್‌ಗೆ ಹೊಳಪಿಗೆ ಅಂತ ಚಾಕ್ಲೇಟ್ ಸುತ್ತಿದ ತಗಡಿನ ಹಾಳೆ ಹಚ್ಚಿ, ಮೇಲಿನ ಕೋಟ್‌ಗೆ ಲ್ಯಾಕರ್ ಸಿಗದೇ ಫೋಟೋ ನೆಗೆಟಿವ್ ಕರಗಿಸಿ ಬಳಸಿದ್ದ ಅಂತ ಹೇಳ್ತಾರೆ, ಆ ಕಾಲದ ಫಿಲಂ ಸೆಲ್ಯುಲೋಸ್‌ನಿಂದ ಆಗ್ತಿತ್ತು, ನಮ್ಮ ಎನ್‌ಸಿ ಲ್ಯಾಕರ್‌ನ ನೆಂಟಾನೇ. ಜಪಾನಿನಲ್ಲಿ ಬಾಲ್ಸಾ ಮಿನ್ನೋ ಕೈಯಲ್ಲಿ ಮಾಡೋರು ಇವತ್ತಿಗೂ ಸೆಲ್ಯುಲೋಸ್ ದ್ರಾವಣಕ್ಕೆ ಅದ್ದಿ ಒಣಗಿಸಿ ಮತ್ತೆ ಅದ್ದಿ ಪದರ ಪದರವಾಗಿ ಬೆಳೆಸ್ತಾರೆ. ತಾಳ್ಮೆ ಇದ್ರೆ ಮಾಡಿ, ನಮ್ಗೆ ಅಷ್ಟಿಲ್ಲ.

ಅರಗು ಹಾಕ್ಬೋದಾ ಅಂತ ಕೇಳೋರಿದ್ದಾರೆ, ಹಾಲೆ ಮರದ ಮೇಲೆ ಚನ್ನಪಟ್ಟಣದಲ್ಲಿ ಅದೇ ತಾನೆ ಹಾಕೋದು ಅಂತ. ಗೊಂಬೆ ನೀರಲ್ಲಿ ಮುಳುಗಿರಲ್ಲ ಸ್ವಾಮಿ. ಅರಗು ನೀರಲ್ಲಿ ಜಾಸ್ತಿ ಹೊತ್ತು ಇದ್ರೆ ಬೆಳ್ಳಗಾಗತ್ತೆ, ಫ್ರೆಂಚ್ ಪಾಲಿಶ್ ಮಾಡಿದ ಟೇಬಲ್ ಮೇಲೆ ಒದ್ದೆ ಲೋಟದ ಬಿಳಿ ಉಂಗುರ ನೋಡಿರ್ತೀರಲ್ಲ, ಅದೇ.

ಹಚ್ಚೋ ಮೊದ್ಲು

ಸೀಲ್ ಮಾಡೋದು ಕ್ಲಿಯರ್‌ಗಿಂತ ಮುಖ್ಯ. ಮೈಗೆಲ್ಲ ತೆಳ್ಳಗಿನ ಫೆವಿಕ್ವಿಕ್ ಇಲ್ಲಾ ಸ್ಯಾಂಡಿಂಗ್ ಸೀಲರ್ ಕುಡಿಸಿ, ಉಜ್ಜಿ, ಮತ್ತೆ ಕುಡಿಸಿ. ಫೆವಿಕ್ವಿಕ್ ಹೊಗೆ ಕಣ್ಣಿಗೆ ಉರಿ, ಕಿಟಕಿ ತೆಗೆದಿಡಿ. ಸ್ಕ್ರೂ ಐ ಒಂದು ಸಲ ತಿರುಗಿಸಿ ಹೊರಗೆ ತೆಗೆದು, ತೂತಿಗೆ ಎಪಾಕ್ಸಿ ಹಾಕಿ ಮತ್ತೆ ತಿರುಗಿಸಿ, ಆಗ ತೂತಿನ ಗೋಡೆಗೂ ಎಪಾಕ್ಸಿ ಕೂತಿರತ್ತೆ.

ಬಣ್ಣ ನೀರಿನ ಅಕ್ರಿಲಿಕ್ ಆದ್ರೆ, ಫೆವಿಕ್ರಿಲ್ ಥರದ್ದು, ಮುಟ್ಟಿದ್ರೆ ಒಣಗಿದೆ ಅನ್ಸಿದ್ರೂ ಒಳಗೆ ನೀರಿರತ್ತೆ, ಒಂದು ದಿನ ಬಿಟ್ಟು ಹೇರ್ ಡ್ರೈಯರ್ ಹಿಡಿದು ಆಮೇಲೆ ಕ್ಲಿಯರ್. ಮಾರ್ಕರ್ ಪೆನ್ನಲ್ಲಿ ಚುಕ್ಕಿ, ಕಿವಿರು ಗೆರೆ ಎಳೆದವ್ರು ಹುಷಾರು, ಥಿನ್ನರ್ ಇರೋ ಕ್ಲಿಯರ್ ತಾಗಿದ ತಕ್ಷಣ ಇಂಕ್ ಹರಡತ್ತೆ, ಎಪಾಕ್ಸಿಲೂ ಹರಡ್ಬೋದು. ಪಾಲಿಕಾರ್ಬೊನೇಟ್ ಲಿಪ್‌ಗೆ ಥಿನ್ನರ್, ಅಸಿಟೋನ್ ತಾಗಿಸ್ಬೇಡಿ, ಮಬ್ಬಾಗಿ ಒಳಗೊಳಗೇ ಬಿರುಕು ಬಿಡತ್ತೆ, ಪಿಯು ಹಾಕೋದಾದ್ರೆ ಲಿಪ್‌ಗೆ ಟೇಪ್ ಸುತ್ತಿ ಇಲ್ಲಾ ಕೋಟ್ ಆದ್ಮೇಲೆ ಕೂರಿಸಿ. ಕೊನೆಗೆ ಐಪಿಎನಲ್ಲಿ ಒಂದು ಸಲ ಒರೆಸಿ, ಮಾರ್ಕರ್ ಗೆರೆ ಮೇಲೆ ಮಾತ್ರ ಬೇಡ, ಅಕ್ರಿಲಿಕ್ ಬಣ್ಣಾನ ಉಜ್ಜದೇ ಹಗುರಕ್ಕೆ. ಅಲ್ಲಿಂದ ಬರಿಗೈಲಿ ಮುಟ್ಬೇಡಿ, ಬೆರಳಿನ ಎಣ್ಣೆ ಇರೋ ಕಡೆ ಎಪಾಕ್ಸಿ ಸರಿದು ಗುಂಡು ಗುಂಡು ಖಾಲಿ ಜಾಗ ಬಿಡತ್ತೆ.

ಒಂದು ಎಪಾಕ್ಸಿ ಕೋಟ್, ಹೆಜ್ಜೆ ಹೆಜ್ಜೆಯಾಗಿ

ಹಸಿ ಎಪಾಕ್ಸಿ ಒಂದೇ ಕಡೆ ಇಳಿಯದ ಹಾಗೆ ಲ್ಯೂರನ್ನ ತಿರುಗಿಸೋ ಮೋಟರ್ ಮೊದ್ಲು ರೆಡಿ ಇರ್ಲಿ. ದುಡ್ಡು ಖರ್ಚು ಮಾಡ್ಬೇಡಿ, ಏರ್ ಕೂಲರ್ ರೆಕ್ಕೆ ಆಡಿಸೋ ಸ್ವಿಂಗ್ ಮೋಟರ್ ಇಲ್ಲಾ ಮೈಕ್ರೋವೇವ್ ತಟ್ಟೆ ತಿರುಗಿಸೋ ಮೋಟರ್ ಸಾಕು, ನಿಮಿಷಕ್ಕೆ ಐದಾರು ಸುತ್ತು ತಿರುಗತ್ತೆ, ಅಷ್ಟೇ ಬೇಕಾಗಿರೋದು. ಎಲೆಕ್ಟ್ರಿಕಲ್ ಸ್ಪೇರ್ಸ್ ಅಂಗಡೀಲಿ ಸಿಗತ್ತೆ, ಬೆಂಗಳೂರಲ್ಲಾದ್ರೆ ಎಸ್‌ಪಿ ರೋಡ್. ಮನೆ ಕರೆಂಟು ನೇರ ಬರೋ ಮೋಟರ್ ಆದ್ರೆ ವೈರ್ ಜಾಯಿಂಟ್ ಸರಿಯಾಗಿ ಮುಚ್ಚಿ. ಮೋಟರ್ ಶಾಫ್ಟ್‌ಗೆ ಮರದ ಪಟ್ಟಿ ಕೂರಿಸಿ ಲ್ಯೂರ್‌ನ ಮುಂದಿನ ಐ, ಹಿಂದಿನ ಐ ಎರಡಕ್ಕೂ ತಂತಿ ಬಿಗಿದು ಅಡ್ಡಕ್ಕೆ ಮಲಗಿಸಿ ಕಟ್ಟಿ, ಒಂದೇ ಕಡೆ ಕಟ್ಟಿದ್ರೆ ಜೋಲತ್ತೆ.

ಸಂಜೆ ಹೊತ್ತು ಹಚ್ಚಿ. ಬೆಳಿಗ್ಗೆ ಹಚ್ಚಿದ್ರೆ ಹೊತ್ತೇರಿದ ಹಾಗೆ ಮರದೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಹೊರಗೆ ಬರೋಕೆ ನೋಡತ್ತೆ, ಕೋಟ್‌ನಲ್ಲಿ ಗುಳ್ಳೆ ಏಳೋದು ಅದಕ್ಕೇ. ಸಂಜೆ ತಣ್ಣಗಾಗ್ತಾ ಗಾಳಿ ಕುಗ್ಗತ್ತೆ, ಕೋಟ್ ಒಳಕ್ಕೆ ಎಳ್ಕೊಳ್ಳತ್ತೆ.

ಎರಡೂ ಭಾಗ ತೂಗಿ ಮೂರು ನಿಮಿಷ ನಿಧಾನಕ್ಕೆ ಕಲಸಿ, ಗೋಡೆ ತಳ ಎಲ್ಲಾ ಕೆರೆದು. ಆಮೇಲೆ ಇನ್ನೊಂದು ಕಪ್‌ಗೆ ಸುರಿದು ಮತ್ತೊಂದು ನಿಮಿಷ, ಮೊದಲ ಕಪ್‌ನ ಗೋಡೆಗೆ ಕಲಸದೇ ಅಂಟಿರೋದನ್ನ ಹಾಗೇ ಅಲ್ಲೇ ಬಿಡಿ. ಮೊದ್ಲು ಸಂದಿಗಳು: ಲಿಪ್ ಬುಡ, ಹುಕ್ ನೇತಾಡೋ ಹ್ಯಾಂಗರ್ ಸುತ್ತ, ಬಾಲದ ಐ ಸುತ್ತ, ಬ್ರಷ್ ತುದೀಲಿ ಒತ್ತಿ ತುಂಬಿ. ಆಮೇಲೆ ಮೈ. ದೀಪ ಒಂದನ್ನ ಪಕ್ಕದಿಂದ ಬೀಳೋ ಹಾಗೆ ಇಟ್ಕೊಂಡು ಅದರ ಹೊಳಪನ್ನ ಲ್ಯೂರ್ ಮೇಲೆ ನೋಡ್ತಾ ತಿರುಗಿಸಿ, ಹೊಳಪು ತುಂಡಾದ ಕಡೆ ಕೋಟ್ ಬಿಟ್ಟಿದೆ ಅಂತ ಅರ್ಥ. ಗುಳ್ಳೆ ಇದ್ರೆ ಹೇರ್ ಡ್ರೈಯರ್ ದೂರದಿಂದ ಒಂದು ಕ್ಷಣ ಹಿಡಿಯಿರಿ, ಹತ್ತಿರ ಹಿಡಿದ್ರೆ ರೆಸಿನ್ ನೀರಾಗಿ ಓಡತ್ತೆ. ಮೋಟರ್ ಹಾಕಿ, ಹತ್ತು ಹದಿನೈದು ನಿಮಿಷಕ್ಕೆ ವಾಪಸ್ ಬಂದು ಹೊಟ್ಟೆ ಕೆಳಗೆ ಹನಿ ನಿಂತಿದ್ಯಾ ನೋಡಿ ಬ್ರಷಲ್ಲಿ ಎತ್ತಿಬಿಡಿ. ಮಿಕ್ಕಿದ್ದು ರಾತ್ರಿಯೆಲ್ಲ ಅದೇ ನೋಡ್ಕೊಳ್ಳತ್ತೆ.

ಎರಡನೇ ಕೈಗೆ ಮಾರನೇ ದಿನ ತೊಳೆದು, 600 ನಂಬರ್ ವಾಟರ್ ಪೇಪರಲ್ಲಿ ಹೊಳಪು ಹೋಗೋವರೆಗೆ ಉಜ್ಜಿ, ಒಣಗಿಸಿ, ಮತ್ತೆ ಇದೇ ಕ್ರಮ. ಗಟ್ಟಿಯಾಗಿದೆ ಅಂತ ಮಾರನೇ ದಿನವೇ ಹುಕ್ ಹಾಕಿ ಹೊಳೆಗೆ ಓಡ್ಬೇಡಿ, ಪೂರ್ತಿ ಬಲ ಬರೋಕೆ ಸುಮಾರು ಒಂದು ವಾರ ಬೇಕು.

ಹೊಸ ಡಬ್ಬಿ ತಂದಾಗೆಲ್ಲ ಲ್ಯೂರ್ ಮೇಲೆ ಪ್ರಯೋಗ ಮಾಡೋ ಬದ್ಲು ಐಸ್‌ಕ್ರೀಂ ಕಡ್ಡಿ ಮೇಲೆ ಮಾಡಿ, ಅದೇ ಸೀಲರ್ ಅದೇ ಬಣ್ಣ ಅದೇ ಕ್ಲಿಯರ್. ವಾರ ಬಿಟ್ಟು ಒಂದನ್ನ ಎರಡು ದಿನ ಬಕೆಟ್ ನೀರಲ್ಲಿ ಮುಳುಗಿಸಿಡಿ, ಒಂದನ್ನ ಕಲ್ಲಿಗೆ ಬಡೀರಿ, ಒಂದನ್ನ ಬಿಸಿಲಲ್ಲಿ ನಿಲ್ಲಿಸಿರೋ ಕಾರ್‌ನ ಡ್ಯಾಶ್‌ಬೋರ್ಡ್ ಮೇಲೆ ಬಿಡಿ. ಮನೇಲಿ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 50-60 ಡಿಗ್ರಿ ದಾಟಿದ್ರೆ ಮೆತ್ತಗಾಗೋಕೆ ಶುರು ಮಾಡತ್ತೆ, ಮುಚ್ಚಿದ ಕಾರ್ ಒಳಗೆ ಡ್ಯಾಶ್‌ಬೋರ್ಡ್ ಅಷ್ಟು ಕಾಯೋದು ಏನೂ ದೊಡ್ಡ ವಿಷಯ ಅಲ್ಲ. ಉಗುರಿನ ಗುರುತು ಬಿತ್ತು ಅಂದ್ರೆ ಲ್ಯೂರ್ ಬಾಕ್ಸ್ ಕಾರಲ್ಲಿ ಬಿಡೋ ಅಭ್ಯಾಸ ಬಿಡಿ.

ನೀರು ಹೋಗಿದ್ಯಾ ಅಂತ ತಿಳಿಯೋದು

ಅದೇ ಪುಟ್ಟ ತಕ್ಕಡಿ ಇಲ್ಲಿ ಮತ್ತೆ ಬೇಕು. ಕ್ಲಿಯರ್ ಪೂರ್ತಿ ಒಣಗಿದ ಮೇಲೆ ಹುಕ್ ಇಲ್ಲದೇ ಲ್ಯೂರ್ ತೂಗಿ ಪುಸ್ತಕದಲ್ಲಿ ಬರೆದಿಡಿ. ಲ್ಯೂರ್‌ಗೆ ನಂಬರ್ ಬೇಕಲ್ಲ, ಅದನ್ನ ಕ್ಲಿಯರ್ ಹಾಕೋ ಮೊದ್ಲೇ ಹೊಟ್ಟೆ ಮೇಲೆ ಸೀಸದ ಪೆನ್ಸಿಲಲ್ಲಿ ಬರೀರಿ, ಪೆನ್ಸಿಲ್ ಯಾವ ಕ್ಲಿಯರ್‌ಗೂ ಹರಡಲ್ಲ. ಮೀನು ಹಿಡಿದು ಬಂದು ಒರೆಸಿ ಒಂದು ದಿನ ಬಿಟ್ಟು ತೂಗಿ, ಸ್ವಲ್ಪ ಏರಿದ್ರೂ ಎಲ್ಲೋ ಸಣ್ಣ ತೂತಿದೆ ಅಂತ ಅರ್ಥ, ಕಣ್ಣಿಗೆ ಬಿರುಕು ಕಾಣೋಕೂ ಮೊದ್ಲೇ ತಕ್ಕಡಿ ಹೇಳತ್ತೆ. ಆ ಲ್ಯೂರನ್ನ ಫ್ರಿಡ್ಜ್ ಹಿಂದೆ ಬೆಚ್ಚಗಿರೋ ಕಡೆ ಇಟ್ಟು ಹಳೇ ತೂಕಕ್ಕೆ ಬರೋವರೆಗೂ ಕಾಯಿರಿ, ಆಮೇಲೆ ಅನುಮಾನ ಇರೋ ಜಾಗ ಉಜ್ಜಿ ಯುವಿ ರೆಸಿನ್ ಒಂದು ಹನಿ ಬಿಡಿ. ಒಣಗಿಸದೇ ಮೇಲಿಂದ ಮುಚ್ಚಿದ್ರೆ ನೀರು ಒಳಗೇ ಉಳಿದು ಮರ ಕೊಳೆಯತ್ತೆ, ಅದಕ್ಕಿಂತ ತೂತು ತೂತಾಗೇ ಇರೋದು ವಾಸಿ.

ಬಾಕ್ಸಲ್ಲಿ ಇಡೋವಾಗ ರಬ್ಬರ್ ಹುಳ, ರಬ್ಬರ್ ಕಪ್ಪೆ ಜೊತೆ ಇಡ್ಬೇಡಿ, ಅದರಲ್ಲಿರೋ ಎಣ್ಣೆ ಥರದ ಮೆತ್ತಗೆ ಮಾಡೋ ಅಂಶ ಬಿಸಿಗೆ ಹೊರಗೆ ಬಂದು ಲ್ಯಾಕರ್, ಬಣ್ಣ ಕೆಲವು ಸಲ ಬಾಕ್ಸನ್ನೂ ಕರಗಿಸಿ ಎಲ್ಲಾ ಒಂದೇ ಮುದ್ದೆ ಮಾಡತ್ತೆ. ಪೂರ್ತಿ ಗಟ್ಟಿಯಾದ ಎಪಾಕ್ಸಿ, 2ಕೆ ಪಿಯು ತಡ್ಕೊಳ್ತಾವೆ, ಎನ್‌ಸಿ ಮತ್ತು ಸ್ಪ್ರೇ ಕ್ಯಾನ್ ಕೋಟ್ ಇರೋ ಲ್ಯೂರ್‌ಗಳಿಗೆ ಬೇರೆ ಖಾನೆ ಮಾಡಿ.